ವಿಹಾರದಲ್ಲಿ ಕುದುರೆಸವಾರಿ: ದಾರಿಯ ಆಯ್ಕೆಯ ಚರಿತ್ರೆ

ರಜೆಯ ದಿನಗಳಲ್ಲಿ ಉದಕಮಂಡಲಕ್ಕೋ ಬೇರೆ ಯಾವುದಾದರೂ ಗಿರಿಧಾಮಕ್ಕೋ ಹೋಗಿಬಂದವರಿಗೆ ಈ ನೋಟ ಹೊಸದಲ್ಲ. ಕೆರೆಯ ದಂಡೆಯಲ್ಲೋ ಮಾರ್ಗದ ತಿರುವಿನಲ್ಲೋ ನಾಲ್ಕಾರು ತಟ್ಟುಗಳು ನಿಂತಿರುತ್ತವೆ. ಲಗಾಮು ಹಿಡಿದ ಹುಡುಗನೊಬ್ಬನು "ಸವಾರಿ ಬೇಕೆ, ಸ್ವಾಮಿ?" ಎಂದು ಕೇಳುತ್ತಾನೆ. ನಾವು ಅವನನ್ನು ಎರಡು ಪ್ರಶ್ನೆಗಳನ್ನು ಮಾತ್ರ ಕೇಳುವುದುಂಟು: ಬಾಡಿಗೆಯೆಷ್ಟು? ಎಷ್ಟು ಹೊತ್ತು? ಚೌಕಾಸಿ ಮುಗಿದೊಡನೆ ರಿಕಾಪಿನಲ್ಲಿ ಕಾಲಿಟ್ಟು ಏರಿಬಿಡುತ್ತೇವೆ. ಆ ದಾರಿಯನ್ನು ಯಾರು ಕಡಿದರು, ಅದು ಯಾರದು, ಈ ಪ್ರಾಣಿಯು ನಮ್ಮ ಭಾರವನ್ನು ಹೊರಬಲ್ಲುದೆ, ನಾವು ಕೊಡುವ ಹಣ ಯಾರ ಕೈ ಸೇರುತ್ತದೆ ಎಂಬ ವಿಚಾರ ನಮಗೆ ತೋರುವುದೇ ಇಲ್ಲ. ಈ ಪ್ರಶ್ನೆಗಳ ಹಿಂದೆ ಒಂದು ದೊಡ್ಡ ಚರಿತ್ರೆಯೇ ಇದೆ. ನ್ಯಾಯಸ್ಥಾನದ ವ್ಯಾಜ್ಯ, ರೈಲ್ವೆ ಕಂಪೆನಿಗಳ ಪೈಪೋಟಿ, ನೆಲ ಕಳೆದುಕೊಂಡ ಜನಗಳ ದುಃಖ, ಎಲ್ಲವೂ ಅದರಲ್ಲಿ ಸೇರಿವೆ. ಆ ಚರಿತ್ರೆಯ ಎರಡು ಅಧ್ಯಾಯಗಳನ್ನು ಈ ಸಂಜೆ ಶ್ರೋತೃಗಳ ಮುಂದಿಡಬೇಕೆಂದು ನಮ್ಮ ಉದ್ದೇಶ.

ಕುದುರೆಯು ಮನುಷ್ಯನ ಬಳಿ ಸಾವಿರಾರು ವರ್ಷಗಳಿಂದ ಇದೆ. ನಮ್ಮವರು ಅಶ್ವಶಾಸ್ತ್ರವನ್ನೇ ರಚಿಸಿ ಅದಕ್ಕೆ ಶಾಲಿಹೋತ್ರನನ್ನು ಆಚಾರ್ಯನೆಂದು ಎಣಿಸಿದರು. ಆದರೆ ಆ ದೀರ್ಘಕಾಲವೆಲ್ಲ ಕುದುರೆಯು ಯುದ್ಧಕ್ಕೆ, ಅಂಚೆಗೆ, ವ್ಯಾಪಾರಕ್ಕೆ, ಬೇಟೆಗೆ ಬೇಕಾಗಿದ್ದ ಪ್ರಾಣಿ. ಗುಡ್ಡಗಾಡನ್ನು ನೋಡಿ ಸಂತೋಷಪಡುವುದಕ್ಕಾಗಿಯೇ ಬಾಡಿಗೆಯ ಕುದುರೆಯೇರಿ ನಾಲ್ಕು ದಿನ ಸುತ್ತಿಬರುವ ಪದ್ಧತಿ ಸಾಮಾನ್ಯ ಗೃಹಸ್ಥರಲ್ಲಿ ಹಬ್ಬಿದ್ದು ಈಚೆಗೆ. ಅದಕ್ಕೆ ನೂರೈವತ್ತು ವರ್ಷಗಳ ವಯಸ್ಸೂ ಆಗಿಲ್ಲವೆನ್ನಬಹುದು. ವಿಚಿತ್ರವೇನೆಂದರೆ, ಕುದುರೆಯ ಉದ್ಯೋಗವನ್ನು ಕಿತ್ತುಕೊಂಡ ರೈಲೇ ಅದಕ್ಕೆ ಈ ಹೊಸ ಉದ್ಯೋಗವನ್ನು ಕೊಡಿಸಿತು. ದೂರದ ಪಟ್ಟಣಿಗರನ್ನು ಬೆಟ್ಟದ ಬುಡದವರೆಗೆ ತಂದು ಇಳಿಸುವುದು ರೈಲಿಗೆ ಸಾಧ್ಯ. ಅಲ್ಲಿಂದ ಮುಂದಕ್ಕೆ ಅವರನ್ನು ಒಯ್ಯಬೇಕಾದರೆ ನಾಲ್ಕು ಕಾಲುಗಳೇ ಬೇಕು.

ಇದರ ಪ್ರಾರಂಭವನ್ನು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಚೆನ್ನಾಗಿ ಕಾಣಬಹುದು. ಪಿಟ್ಸ್‌ಬರ್ಗ್ ನಗರದ ಈಟನ್ ಎಂಬ ಮನೆತನದ ಮೂವರು ಸಹೋದರರು ಪಶ್ಚಿಮದ ಡಕೋಟ ಸೀಮೆಯಲ್ಲಿ ಮೆಡೋರ ಎಂಬ ಊರಿನ ಬಳಿ ದನ ಸಾಕುವ ಒಂದು ಬೀಡನ್ನು ಮಾಡಿಕೊಂಡರು. ಊರಿನ ಕಡೆಯ ಮಿತ್ರರು ಒಬ್ಬರ ಹಿಂದೊಬ್ಬರು ಬಂದು ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿದು ಕುದುರೆಯೇರಿ ತಿರುಗಾಡತೊಡಗಿದರು. ಆತಿಥ್ಯದ ಭಾರ ಹೆಚ್ಚಿತು. ೧೮೮೨ರಲ್ಲಿ ಅತಿಥಿಯೊಬ್ಬನು ತನ್ನ ಖರ್ಚನ್ನು ತಾನೇ ಕೊಡುತ್ತೇನೆಂದು ಮುಂದೆ ಬಂದನಂತೆ. ಈ ವೃತ್ತಿಯ ಹುಟ್ಟನ್ನು ಅಲ್ಲಿಂದ ಎಣಿಸುವುದು ವಾಡಿಕೆ. ೧೮೮೬-೮೭ರ ಘೋರವಾದ ಚಳಿಗಾಲದಲ್ಲಿ ಆ ಬಯಲುಸೀಮೆಯ ದನಗಳು ಲೆಕ್ಕವಿಲ್ಲದಷ್ಟು ಸತ್ತುಹೋದವು. ದನವನ್ನೇ ನಂಬಿದ್ದ ಬೀಡುಗಳು ದಿವಾಳಿಯಾದುವು. ಅತಿಥಿಗಳನ್ನು ನಂಬಿದ ಬೀಡುಗಳು ಉಳಿದುವು. ಈಟನ್ ಸಹೋದರರು ೧೯೦೪ರಲ್ಲಿ ವಯೋಮಿಂಗ್ ಪ್ರಾಂತಕ್ಕೆ ಹೋಗಿ ನೆಲೆಸಿದರು. ಪಟ್ಟಣದ ನಯನಾಜೂಕಿನವನನ್ನು ಅಲ್ಲಿಯವರು 'ಡ್ಯೂಡ್' ಎಂದು ಹಾಸ್ಯಮಾಡುತ್ತಿದ್ದರು. ಆ ಹಾಸ್ಯದ ಮಾತೇ ವೃತ್ತಿಯ ಹೆಸರಾಗಿ ೧೯೨೬ರಲ್ಲಿ ಇಂತಹ ಬೀಡುಗಳವರೆಲ್ಲರೂ ಸೇರಿ 'ಡ್ಯೂಡ್ ರ‍್ಯಾಂಚರ್ಸ್ ಅಸೋಸಿಯೇಷನ್' ಎಂಬ ಸಂಘವನ್ನೇ ಕಟ್ಟಿದರು. ಅವರಿಗೆ ಬೆಂಬಲವಾಗಿ ನಿಂತದ್ದು ಒಂದು ರೈಲ್ವೆ ಕಂಪೆನಿಯೇ ಎಂಬುದನ್ನು ಗಮನಿಸಬೇಕು.

ಈಗ ನಾವು ಅರಿಜೋನದ ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಮರಿಗೆ ಬರೋಣ. ಕೊಲೊರಾಡೊ ನದಿಯು ಯುಗಯುಗಾಂತರಗಳಿಂದ ಬಂಡೆಯನ್ನು ಕೊರೆದು ೨೭೭ ಮೈಲಿ ಉದ್ದದ, ಸುಮಾರು ಒಂದು ಮೈಲಿ ಆಳದ ಕಮರಿಯನ್ನು ಮಾಡಿದೆ. ಮೇಲಿನ ಅಂಚಿನಲ್ಲಿ ದೇವದಾರುವಿನ ಜಾತಿಯ ಮರಗಳು, ಚಳಿಗಾಲದಲ್ಲಿ ಹಿಮ. ತಳದಲ್ಲಿ ಮರುಭೂಮಿ, ಬೇಸಗೆಯಲ್ಲಿ ನೂರು ಡಿಗ್ರಿ ಫಾರನ್‌ಹೀಟ್ ಮೀರುವ ಸೆಕೆ. ಅಂಚಿನಲ್ಲಿ ನಿಂತು ನೋಡುವುದು ಯಾರಿಗಾದರೂ ಸಾಧ್ಯ. ಕೆಳಕ್ಕಿಳಿಯುವುದಕ್ಕೆ ಮಾತ್ರ ದಾರಿ ಬೇಕು, ವಾಹನ ಬೇಕು. ೧೮೮೦ರ ದಶಕದಲ್ಲಿ ಜಾನ್ ಹ್ಯಾನ್ಸ್ ಎಂಬಾತನು ಗಣಿಯನ್ನು ಹುಡುಕುತ್ತ ಅಲ್ಲಿಗೆ ಬಂದು, ಗಣಿಗಿಂತ ಯಾತ್ರಿಕರಲ್ಲಿಯೇ ಹೆಚ್ಚು ಹೊನ್ನಿದೆಯೆಂದು ಕಂಡುಕೊಂಡು, ಅವರನ್ನು ಕೆಳಕ್ಕೆ ಕರೆದೊಯ್ಯುವ ಕೆಲಸಕ್ಕೆ ತೊಡಗಿದನು. ಅವನು ಕಟ್ಟುತ್ತಿದ್ದ ಸುಳ್ಳುಕತೆಗಳನ್ನು ಕೇಳುವುದಕ್ಕಾಗಿಯೇ ಜನ ಬರುತ್ತಿದ್ದರು. ಆಗ ಅಲ್ಲಿಗೆ ಬರಬೇಕಾದರೆ ಕುದುರೆಗಾಡಿಯಲ್ಲಿ ಕುಲುಕಾಡುತ್ತ ಬಹುದೂರ ಪ್ರಯಾಣಮಾಡಬೇಕಾಗಿತ್ತು. ೧೯೦೧ನೆಯ ಇಸವಿ ಸೆಪ್ಟೆಂಬರ್ ೧೭ರಂದು ವಿಲಿಯಮ್ಸ್ ಎಂಬ ಊರಿನಿಂದ ೬೪ ಮೈಲಿಯ ರೈಲುದಾರಿ ಅಂಚಿನವರೆಗೆ ಬಂದಿತು. ಸ್ಯಾಂಟ ಫೆ ರೈಲ್ವೆಯವರು ೧೯೦೫ರ ಜನವರಿಯಲ್ಲಿ 'ಎಲ್ ಟೊವಾರ್' ಎಂಬ ಭವ್ಯವಾದ ಹೋಟೆಲನ್ನು ತೆರೆದರು. ಯಾತ್ರಿಕರು ಬಂದರು, ಉಂಡರು, ಮಲಗಿದರು, ಬೆಳಗಾದೊಡನೆ ಕೆಳಕ್ಕಿಳಿಯಬೇಕೆಂದರು. ಅಲ್ಲಿಂದ ಜಗಳ ಹುಟ್ಟಿತು.

ಹೋಟೆಲಿನ ಸಮೀಪದಿಂದಲೇ ಇಳಿಯುವ ದಾರಿ ಒಂದಿತ್ತು. ಅದರ ಹೆಸರು ಬ್ರೈಟ್ ಏಂಜೆಲ್. ಅದನ್ನು ಮೊದಲು ತುಳಿದವರು ಹವಾಸುಪಾಯಿ ಎಂಬ ಮೂಲನಿವಾಸಿಗಳು. ಅರ್ಧ ದಾರಿಯಲ್ಲಿ ಇರುವ ಬುಗ್ಗೆಯ ನೀರಿನಿಂದ ಅವರು ಹೊಲಗಳನ್ನು ಬೆಳೆಯುತ್ತಿದ್ದರು. ೧೮೯೦-೯೧ರ ಸುಮಾರಿಗೆ ರಾಲ್ಫ್ ಕ್ಯಾಮರಾನ್ ಮತ್ತು ಅವನ ಜೊತೆಗಾರರು ಆ ಕಾಲುದಾರಿಯನ್ನು ಅಗಲಮಾಡಿ ಸುಂಕದ ಮಾರ್ಗವೆಂದು ಸರಕಾರಿ ದಫ್ತರಿನಲ್ಲಿ ದಾಖಲೆಮಾಡಿಸಿದರು. ಕಾಲಕ್ರಮದಲ್ಲಿ ಕ್ಯಾಮರಾನನೇ ಒಡೆಯನಾಗಿ, ದಾರಿಯ ತಲೆಯಲ್ಲಿ ಕಟ್ಟೆ ಹಾಕಿ, ಇಳಿಯುವ ಸವಾರನೊಬ್ಬನಿಗೆ ಒಂದು ಡಾಲರಿನಂತೆ ವಸೂಲುಮಾಡತೊಡಗಿದನು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನು? ಅಷ್ಟಕ್ಕೇ ಬಿಡದೆ, ದಾರಿಯ ಆಯಕಟ್ಟಿನ ಸ್ಥಳಗಳಲ್ಲೆಲ್ಲ ಗಣಿಯ ಹಕ್ಕುಗಳನ್ನು ಬರೆಯಿಸಿಕೊಂಡನು. ಅಲ್ಲಿ ಲೋಹವಿತ್ತೆಂಬುದು ನೆಪ. ನಿಜವಾದ ಗಣಿ ಯಾತ್ರಿಕರ ಕಿಸೆ.

ರೈಲ್ವೆಯವರು ಇದಕ್ಕೆ ಕೊಟ್ಟ ಉತ್ತರ ಇನ್ನೊಂದು ದಾರಿ. ೧೯೧೧-೧೨ರ ಸುಮಾರಿಗೆ ಅವರು ಪಶ್ಚಿಮಕ್ಕೆ ಕೆಲವು ಮೈಲಿ ದೂರದಲ್ಲಿ 'ಹರ್ಮಿಟ್' ಎಂಬ ದಾರಿಯನ್ನು ಕಡಿಸಿ, ಎಷ್ಟೋ ಕಡೆ ಕಲ್ಲುಚಪ್ಪಡಿಗಳನ್ನು ಹಾಸಿಸಿ, ಕೆಳಗೆ ಗುಡಾರಗಳ ಬಿಡಾರವನ್ನು ಕಟ್ಟಿದರು. ಸುಂಕವಿಲ್ಲ, ಊಟವುಂಟು, ಹಾಸಿಗೆಯುಂಟು. ಹೀಗೆ, ರಜೆಯಲ್ಲಿ ಬಂದ ಒಬ್ಬ ಸಾಧಾರಣ ಯಾತ್ರಿಕನು "ಯಾವ ದಾರಿಯಲ್ಲಿ ಸವಾರಿ ಹೋಗಲಿ?" ಎಂದು ಯೋಚಿಸಿದಾಗ, ತಿಳಿದೋ ತಿಳಿಯದೆಯೋ, ಒಂದು ಮೊಕದ್ದಮೆಯಲ್ಲಿ ಒಂದು ಪಕ್ಷವನ್ನು ವಹಿಸಿದಂತಾಗುತ್ತಿತ್ತು.

ಮೂರನೆಯ ಪಕ್ಷವೂ ಇತ್ತು, ಅದು ಸರಕಾರ. ೧೯೦೩ರ ಮೇ ತಿಂಗಳಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಇಲ್ಲಿಗೆ ಬಂದು, ಈ ಸ್ಥಳವನ್ನು ಇದ್ದಂತೆಯೇ ಮುಂದಿನವರಿಗೆ ಬಿಟ್ಟುಕೊಡಬೇಕೆಂದು ಭಾಷಣ ಮಾಡಿದ್ದರು. ೧೯೦೮ರ ಜನವರಿಯಲ್ಲಿ ಅವರೇ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ೧೯೧೯ರ ಫೆಬ್ರವರಿ ೨೬ರಂದು ಇದು ರಾಷ್ಟ್ರೀಯ ಉದ್ಯಾನವಾಯಿತು. ೧೯೨೦ರಲ್ಲಿ ಅಮೆರಿಕದ ಪರಮೋಚ್ಚ ನ್ಯಾಯಾಲಯವು ಕ್ಯಾಮರಾನನ ಗಣಿಹಕ್ಕಿನ ವಾದವನ್ನು ತಳ್ಳಿಹಾಕಿ, ಅಂತಹ ನಿಸರ್ಗಸ್ಥಾನವನ್ನು ಕಾಯ್ದಿರಿಸುವ ಅಧಿಕಾರ ಅಧ್ಯಕ್ಷರಿಗೆ ಉಂಟೆಂದು ತೀರ್ಪುಕೊಟ್ಟಿತು. ಸೋತವನು ಸುಮ್ಮನಿರಲಿಲ್ಲ, ೧೯೨೧ರಲ್ಲಿ ಸೆನೆಟಿನ ಸದಸ್ಯನಾಗಿ ಆರು ವರ್ಷ ಉದ್ಯಾನದ ಅಧಿಕಾರಿಗಳನ್ನು ಕಾಡಿದನು. ಅಷ್ಟರಲ್ಲಿ ಸುಂಕದ ದಾರಿ ಸ್ಥಳೀಯ ಆಡಳಿತವಾದ ಕೊಕೊನಿನೊ ಕೌಂಟಿಯ ವಶದಲ್ಲಿತ್ತು. ಅದನ್ನು ಮಾರಲು ಅಲ್ಲಿಯ ಮತದಾರರು ೧೯೨೪ರಲ್ಲಿ ಒಪ್ಪಲಿಲ್ಲ. ಉದ್ಯಾನದವರು ಬೇಸತ್ತು ಅದೇ ವರ್ಷದ ಡಿಸೆಂಬರಿನಲ್ಲಿ ಬೆಟ್ಟದ ಏಣಿನ ಮೇಲೆ ತಮ್ಮದೇ ಆದ ಮೂರನೆಯ ದಾರಿಯನ್ನು ಕಡಿಯಲು ತೊಡಗಿ, ೧೯೨೫ರ ಜೂನ್ ವೇಳೆಗೆ ಮುಗಿಸಿದರು. ಅದೇ ಇಂದಿನ ಸೌತ್ ಕೈಬಾಬ್ ದಾರಿ. ಕೊನೆಗೆ ೧೯೨೮ರಲ್ಲಿ, ಊರಿಗೊಂದು ರಸ್ತೆಯನ್ನು ಮಾಡಿಸಿಕೊಡುವ ಕರಾರಿನ ಮೇಲೆ ಕೌಂಟಿಯವರು ಬ್ರೈಟ್ ಏಂಜೆಲ್ ದಾರಿಯನ್ನು ಉದ್ಯಾನಕ್ಕೆ ಒಪ್ಪಿಸಿದರು. ಸುಂಕ ನಿಂತಿತು. ಹರ್ಮಿಟ್ ಬಿಡಾರಕ್ಕೂ ಆಮೇಲೆ ಪ್ರಯೋಜನವಿಲ್ಲದಂತಾಗಿ ೧೯೩೦ರಲ್ಲಿ ಅದು ಮುಚ್ಚಿತು.

ಈ ಜಯದ ಕತೆಯಲ್ಲಿ ಹೇಳದೆ ಬಿಡಬಾರದ ಮಾತೊಂದಿದೆ. ದಾರಿಯ ಮೊದಲ ಒಡೆಯರಾದ ಹವಾಸುಪಾಯಿ ಜನ ಏನಾದರು? ಬುಗ್ಗೆಯ ಬಳಿಯ ತೋಟದಲ್ಲಿ ಉಳಿದಿದ್ದವರನ್ನು ೧೯೨೮ರಲ್ಲಿ, ಅಂದರೆ ದಾರಿಯು ಸಾರ್ವಜನಿಕರದಾದ ಆ ವರ್ಷದಲ್ಲಿಯೇ, ಅಲ್ಲಿಂದ ಎಬ್ಬಿಸಲಾಯಿತು. ಅದೇ ವರ್ಷ ನದಿಗೆ ಅಡ್ಡಲಾಗಿ ತೂಗುಸೇತುವೆಯೊಂದು ಮುಗಿಯಿತು. ಒಂದೊಂದೂ ಒಂದು ಟನ್ನಿಗೆ ಮೇಲ್ಪಟ್ಟು ತೂಗುವ ಅದರ ಉಕ್ಕಿನ ಹಗ್ಗಗಳನ್ನು ಯಾವ ಪ್ರಾಣಿಯ ಮೇಲೂ ಹೇರುವಂತಿರಲಿಲ್ಲ. ಹವಾಸುಪಾಯಿ ಆಳುಗಳು ಸಾಲಾಗಿ ನಿಂತು ಹೆಗಲಿನ ಮೇಲೆ ಹೊತ್ತು ಕೆಳಕ್ಕಿಳಿಸಿದರು. ಇಂದಿಗೂ ಸವಾರರು ದಾಟುವುದು ಅದೇ ಸೇತುವೆಯನ್ನು. ೧೯೭೫ರ ಶಾಸನವೊಂದರಿಂದ ಆ ಜನಕ್ಕೆ ಸುಮಾರು ೧,೮೫,೦೦೦ ಎಕರೆ ನೆಲ ಹಿಂದಿರುಗಿತು. ೨೦೨೨ರಲ್ಲಿ ಬುಗ್ಗೆಯ ತಾಣಕ್ಕೆ 'ಹವಾಸುಪಾಯಿ ಗಾರ್ಡನ್ಸ್' ಎಂಬ ಹೆಸರಾಯಿತು. ತಡವಾಗಿಯಾದರೂ ಇಷ್ಟಾದರೂ ಆಯಿತಲ್ಲ ಎಂದು ಸಮಾಧಾನಪಡಬೇಕು.

ಈ ಕಮರಿಯ ವಾಹನ ಕುದುರೆಯಲ್ಲ, ಹೇಸರಗತ್ತೆ ಎಂಬುದನ್ನೂ ಹೇಳಬೇಕು. ಗಂಡುಕತ್ತೆಗೂ ಹೆಣ್ಣುಕುದುರೆಗೂ ಹುಟ್ಟಿದ ಈ ಪ್ರಾಣಿಯನ್ನು ಹಟಮಾರಿಯೆಂದು ಜನ ಜರೆಯುವುದುಂಟು. ಬಲ್ಲವರು ಹಾಗೆನ್ನುವುದಿಲ್ಲ. ಕುದುರೆಯು ಹೆದರಿದರೆ ಓಡುತ್ತದೆ; ಹೇಸರಗತ್ತೆಯು ಸಂದೇಹ ಬಂದರೆ ನಿಲ್ಲುತ್ತದೆ. ಒಂದು ಕಡೆ ಗೋಡೆ, ಒಂದು ಕಡೆ ಪ್ರಪಾತ ಇರುವಲ್ಲಿ ನಿಲ್ಲುವ ಗುಣವೇ ದೊಡ್ಡ ಗುಣ. ಅದು ದಾರಿಯ ಹೊರ ಅಂಚನ್ನೇ ಹಿಡಿದು ನಡೆಯುವುದನ್ನು ಕಂಡು ಹೊಸಬರ ಎದೆ ಝಲ್ಲೆನ್ನುತ್ತದೆ. ಮೈಮೇಲಿನ ಹೊರೆಯು ಒಳಗಿನ ಬಂಡೆಗೆ ತಾಗದಿರಲಿ ಎಂದು ಹೊರೆ ಹೊತ್ತು ಕಲಿತ ಅಭ್ಯಾಸ ಅದು ಎಂದು ಹೇಳುತ್ತಾರೆ. ಸವಾರನ ತೂಕ ಇನ್ನೂರು ಪೌಂಡಿನ ಸುಮಾರನ್ನು ಮೀರಿರಬಾರದೆಂದೂ, ಮಾರ್ಗದರ್ಶಕನ ಭಾಷೆ ಅವನಿಗೆ ತಿಳಿದಿರಬೇಕೆಂದೂ ಅಲ್ಲಿ ನಿಯಮ ಬೆಳೆದುಬಂದಿದೆ. ಮೊದಲನೆಯದು ಪ್ರಾಣಿಯ ರಕ್ಷಣೆಗೆ. ಎರಡನೆಯದು ಸವಾರನ ರಕ್ಷಣೆಗೆ.

ಎರಡನೆಯ ಅಧ್ಯಾಯ ಉತ್ತರದಲ್ಲಿ, ಕೆನಡದ ಎಲ್ಲೆಗೆ ಹೊಂದಿದ ಮಾಂಟಾನ ಪ್ರಾಂತದ ಗ್ಲೇಷಿಯರ್ ಉದ್ಯಾನದ್ದು. ಇದು ೧೯೧೦ರ ಮೇ ೧೧ರಂದು ಸ್ಥಾಪಿತವಾಯಿತು. ಗ್ರೇಟ್ ನಾರ್ದರ್ನ್ ರೈಲ್ವೆಯ ಲೂಯಿ ಹಿಲ್ ಎಂಬಾತನು ಇಲ್ಲಿ ಒಂದು ಜಾಣತನದ ಏರ್ಪಾಡು ಮಾಡಿದನು. ದೊಡ್ಡ ಹೋಟೆಲುಗಳನ್ನು ಕಟ್ಟಿದ್ದಲ್ಲದೆ, ಬೆಟ್ಟಗಳ ನಡುವೆ ಕಲ್ಲಿನ, ಮರದ ತಂಗುಮನೆಗಳನ್ನು ಒಂದಕ್ಕೊಂದು ಒಂದು ದಿನದ ಕುದುರೆಸವಾರಿಯಷ್ಟು ದೂರದಲ್ಲಿ ಕಟ್ಟಿಸಿದನು. ನಮ್ಮ ಹಿಂದಿನ ಸಾಲುಛತ್ರಗಳ ನೆನಪಾಗುತ್ತದೆ. ೧೯೧೫ರಲ್ಲಿ ಹಿಂದೆ ಹೇಳಿದ ಈಟನ್ ಸಹೋದರರಲ್ಲಿ ಹೋವರ್ಡ್ ಎಂಬಾತನು ದೊಡ್ಡ ತಂಡವೊಂದನ್ನು ಸುಮಾರು ಮುನ್ನೂರು ಮೈಲಿ ಈ ದಾರಿಗಳಲ್ಲಿ ಕರೆದೊಯ್ದನು. ಆ ತಂಡದಲ್ಲಿದ್ದ ಕಾದಂಬರಿಕಾರ್ತಿ ಮೇರಿ ರಾಬರ್ಟ್ಸ್ ರೈನ್‌ಹಾರ್ಟ್ ಮರುವರ್ಷ ತನ್ನ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದಳು. ಸ್ತ್ರೀಯರೂ ಇಂತಹ ಪ್ರವಾಸಕ್ಕೆ ಹೋಗಬಹುದೆಂಬ ಧೈರ್ಯ ಅನೇಕ ಮನೆಗಳಲ್ಲಿ ಆ ಪುಸ್ತಕದಿಂದ ಹುಟ್ಟಿರಬೇಕು. ೧೯೨೦ರ ದಶಕದಲ್ಲಿ ಉದ್ಯಾನದ ಸವಾರಿ ಕಂಪೆನಿಯ ಬಳಿ ಸಾವಿರಕ್ಕೆ ಮೇಲ್ಪಟ್ಟು ಕುದುರೆಗಳಿದ್ದುವು.

ಇಲ್ಲಿಯೂ ನೆಲದ ಮಾತು ಹಿಂದೆ ಸರಿಯುವುದಿಲ್ಲ. ಉದ್ಯಾನದ ಪೂರ್ವಭಾಗವು ಬ್ಲ್ಯಾಕ್‌ಫೀಟ್ ಎಂಬ ಜನರದು. ೧೮೯೫ರ ಒಪ್ಪಂದದಂತೆ ಅದು ಹದಿನೈದು ಲಕ್ಷ ಡಾಲರಿಗೆ ಸರಕಾರದ ವಶವಾಯಿತು. ಮುಂದೆ ಅದೇ ಜನರನ್ನು ಗರಿಯ ಕಿರೀಟದ ಉಡುಪಿನಲ್ಲಿ ಹೋಟೆಲಿನ ಬಾಗಿಲಲ್ಲಿ ನಿಲ್ಲಿಸಿ ರೈಲ್ವೆಯವರು ಅತಿಥಿಗಳನ್ನು ಸ್ವಾಗತಿಸಿದರು. ತಮ್ಮ ಮನೆಯಲ್ಲಿಯೇ ತಾವು ದ್ವಾರಪಾಲಕರಾಗುವುದೆಂದರೆ ಇದೇ ಅಲ್ಲವೆ?

೧೯೩೩ನೆಯ ಇಸವಿ ಜುಲೈ ೧೫ರಂದು ಉದ್ಯಾನವನ್ನು ಅಡ್ಡಹಾಯುವ ಮೋಟಾರು ರಸ್ತೆಯ ಪ್ರಾರಂಭೋತ್ಸವ ನಡೆಯಿತು. ೬,೬೪೬ ಅಡಿ ಎತ್ತರದ ಲೋಗನ್ ಕಣಿವೆಯನ್ನು ದಿನವೆಲ್ಲ ಸವಾರಿಮಾಡಿ ಸೇರುತ್ತಿದ್ದವರು ಈಗ ಕೆಲವು ಗಂಟೆಗಳಲ್ಲಿ ಸೇರಿ, ಚಿತ್ರ ತೆಗೆದುಕೊಂಡು ಇಳಿದುಹೋಗತೊಡಗಿದರು. ಹತ್ತು ವರ್ಷ ತುಂಬುವುದರೊಳಗೆ, ಮಹಾಯುದ್ಧದ ಕಾಲದಲ್ಲಿ, ಆ ಸವಾರಿ ಕಂಪೆನಿ ಮುಚ್ಚಿತು. ತಂಗುಮನೆಗಳಲ್ಲಿ ಬಹುಪಾಲು ಹಾಳಾದುವು. ರಸ್ತೆಯನ್ನು ಬೇಡವೆನ್ನಲು ನಮ್ಮಿಂದಾಗದು; ಕುದುರೆಯೇರಲಾರದ ಮುದುಕರೂ ಮಕ್ಕಳೂ ಬಡವರೂ ಆ ಶಿಖರಗಳನ್ನು ನೋಡಿದ್ದು ಅದರಿಂದಲೇ. ಆದರೆ ಲಾಯದವನು, ಲಾಳಗಾರ, ಮಾರ್ಗದರ್ಶಕ, ಇವರೆಲ್ಲರ ವಿದ್ಯೆಯೂ ಅದರೊಡನೆ ಕ್ಷೀಣಿಸಿತು. ಇಂದು ಅಲ್ಲಿ ಗಂಟೆಯ ಲೆಕ್ಕದ, ದಿನದ ಲೆಕ್ಕದ ಸವಾರಿಗಳು ಉಳಿದಿವೆ. ವಾರಗಟ್ಟಲೆಯ ಆ ಯಾತ್ರೆ ಚರಿತ್ರೆಯ ಪುಟ ಸೇರಿತು.

ಮೋಟಾರನ್ನು ದೂರವಿಟ್ಟ ಊರುಗಳೂ ಲೋಕದಲ್ಲಿ ಇಲ್ಲದಿಲ್ಲ. ನಮಗೆ ಹತ್ತಿರದ ಉದಾಹರಣೆಯೆಂದರೆ ಮುಂಬಯಿಯ ಬಳಿಯ ಮಾಥೇರಾನ್. ಠಾಣೆಯ ಕಲೆಕ್ಟರನಾಗಿದ್ದ ಮ್ಯಾಲೆಟ್ ಎಂಬಾತನು ೧೮೫೦ರಲ್ಲಿ ಇದನ್ನು ಬೆಳಕಿಗೆ ತಂದನು. ೧೯೦೭ರಲ್ಲಿ ಪುಟ್ಟ ರೈಲು ಬಂದಿತು. ಮೋಟಾರು ಕಾರುಗಳಿಗೆ ಮಾತ್ರ ಊರೊಳಗೆ ಪ್ರವೇಶವಿಲ್ಲದಂತೆ ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿಯ ಕೆಂಪುಮಣ್ಣಿನ ದಾರಿಗಳಲ್ಲಿ ಕುದುರೆಯು ಬರಿಯ ವಿನೋದವಲ್ಲ, ಎಷ್ಟೋ ಕುಟುಂಬಗಳ ಅನ್ನ.

ಇಷ್ಟನ್ನು ಕೇಳಿದ ಮೇಲೆ, ಮುಂದಿನ ರಜೆಯಲ್ಲಿ ಸವಾರಿಯನ್ನು ಆರಿಸಿಕೊಳ್ಳುವಾಗ ನಾವು ಏನನ್ನು ವಿಚಾರಿಸಬೇಕು? ಮೊದಲು ಪ್ರಾಣಿಯನ್ನು ನೋಡಬೇಕು. ಜೀನಿನ ಕೆಳಗೆ ಹುಣ್ಣಿದೆಯೆ, ಲಾಳ ಸಡಿಲವಾಗಿದೆಯೆ, ಪಕ್ಕೆಲುಬು ಎದ್ದುಕಾಣುತ್ತಿದೆಯೆ, ಕುಂಟುತ್ತಿದೆಯೆ ಎಂದು ನೋಡುವುದಕ್ಕೆ ಅಶ್ವಶಾಸ್ತ್ರ ಬೇಕಾಗಿಲ್ಲ, ಕಣ್ಣು ಸಾಕು. ಸವಾರನೂ ಜೀನೂ ಸೇರಿ ಕುದುರೆಯ ತೂಕದ ಐದನೆಯ ಒಂದು ಪಾಲನ್ನು ಮೀರಬಾರದೆಂಬುದು ಅನುಭವಿಗಳ ಅಳತೆ. ತಟ್ಟುವಿನ ಮೇಲೆ ತುಂಬಿದ ಆಳು ಕೂರುವುದು ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಎರಡನೆಯದಾಗಿ ದಾರಿಯನ್ನು ಕೇಳಬೇಕು. ಬ್ರೈಟ್ ಏಂಜೆಲಿನಲ್ಲಿ ನೀರೂ ನೆರಳೂ ಉಂಟು; ಕೈಬಾಬಿನಲ್ಲಿ ನೋಟ ವಿಶಾಲ, ಆದರೆ ನೀರಿಲ್ಲ. ಎಲ್ಲ ದಾರಿಗಳೂ ಹೀಗೆಯೇ. ಚೆಲುವಾದದ್ದು ಸುಲಭವಾಗಿರಬೇಕೆಂಬ ನಿಯಮವಿಲ್ಲ. ಮೂರನೆಯದಾಗಿ ನಮ್ಮನ್ನು ನಾವು ಅಳೆದುಕೊಳ್ಳಬೇಕು. ಎಂದೂ ಜೀನು ಮುಟ್ಟದವನು ಮೊದಲ ದಿನವೇ ಆರು ಗಂಟೆಯ ಸವಾರಿಗೆ ಹೊರಟರೆ ಮರುದಿನ ಕೂರಲಾರ, ನಿಲ್ಲಲಾರ. ಮುಚ್ಚುಮರೆಯಿಲ್ಲದೆ "ನಮಗೆ ಅಭ್ಯಾಸವಿಲ್ಲ" ಎಂದು ಹೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ಹಾಗೆ ಹೇಳಿದವನಿಗೆ ಲಾಯದವನು ಶಾಂತವಾದ ಕುದುರೆಯನ್ನೇ ಕೊಡುತ್ತಾನೆ. ಕೊನೆಯದಾಗಿ, ಲಗಾಮು ಹಿಡಿದು ನಡೆಯುವವನನ್ನು ಮಾತನಾಡಿಸಬೇಕು. ಕುದುರೆ ಅವನದೋ ಬಾಡಿಗೆಯದೋ, ದಿನಕ್ಕೆ ಎಷ್ಟು ಸಲ ಅದನ್ನು ಏರಿಸುತ್ತಾರೆ, ನೀರು ಎಲ್ಲಿ ಕುಡಿಸುತ್ತಾರೆ ಎಂದು ಕೇಳಿದರೆ ನಮಗೆ ಬೇಕಾದ ಅರ್ಧ ವಿಷಯ ತಿಳಿದಂತೆಯೇ.

ಕೆಲವು ಡಾಲರುಗಳ ಆಯ್ಕೆಯಿಂದ ಕ್ಯಾಮರಾನನ ಕಟ್ಟೆ ನಿಂತಿತ್ತು. ಹರ್ಮಿಟ್ಟಿನ ಬಿಡಾರ ಎದ್ದಿತು. ಗ್ಲೇಷಿಯರಿನ ಲಾಯಗಳು ತುಂಬಿದುವು, ಬರಿದಾದುವು. ಇವನ್ನೆಲ್ಲ ಮಾಡಿದವರು ಅರಸರೂ ಅಲ್ಲ, ಸೇನಾಪತಿಗಳೂ ಅಲ್ಲ. ರಜೆಯಲ್ಲಿ ಬಂದ ನಮ್ಮಂತಹವರೇ. ಮುಂದಿನ ಸಲ ಆ ಹುಡುಗನು ಲಗಾಮು ಹಿಡಿದು ನಮ್ಮ ಮುಂದೆ ನಿಂತಾಗ, ಬಾಡಿಗೆ ಎಷ್ಟೆಂದು ಕೇಳುವುದಕ್ಕೆ ಮೊದಲು ಕುದುರೆಯ ಹೆಸರೇನೆಂದು ಕೇಳಿ ನೋಡೋಣ. ಉಳಿದ ಪ್ರಶ್ನೆಗಳು ತಾವಾಗಿಯೇ ಬರುತ್ತವೆ.